ನಿಮ್ಮ ಕಾರ್ಖಾನೆಗೆ ಎಷ್ಟು ಪ್ರಥಮ ಚಿಕಿತ್ಸೆ ಬೇಕು? ಅಳೆದು ನಿರ್ಧರಿಸುವ ಕ್ರಮ

ಸಣ್ಣ ಕಾರ್ಖಾನೆಗಳ ಮಾಲೀಕರೂ ಮೇಲ್ವಿಚಾರಕರೂ ಸಿಬ್ಬಂದಿ ವಿಭಾಗದವರೂ ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮಲ್ಲಿ 60 ಜನರಿದ್ದಾರೆ, ಎಷ್ಟು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇಡಬೇಕು?" ಕಾನೂನಿನ ಲೆಕ್ಕದಲ್ಲಿ ಇದಕ್ಕೆ ಒಂದೇ ಪದದ ಉತ್ತರವಿದೆ, ಒಂದು. ಆ ಉತ್ತರ ಸಿಕ್ಕ ಕೂಡಲೇ ಔಷಧದ ಅಂಗಡಿಯಿಂದ ಬಿಳಿ ಪೆಟ್ಟಿಗೆಯೊಂದನ್ನು ತಂದು ಗೋಡೆಗೆ ಹೊಡೆದು ಕೆಲಸ ಮುಗಿಯಿತೆಂದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ರಾತ್ರಿ ಪಾಳಿಯಲ್ಲಿ 2 ಗಂಟೆಯ ಹೊತ್ತಿಗೆ ಲೋಹವನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗೆ ಯಾರದ್ದಾದರೂ ಬೆರಳು ಸಿಕ್ಕಿದರೆ ಆ ಪೆಟ್ಟಿಗೆಯನ್ನು ತೆರೆಯುವವರು ಯಾರು, ತೆರೆದ ಮೇಲೆ ಅವರಿಗೆ ಬೇಕಾದುದು ಅದರಲ್ಲಿ ಇದೆಯೇ, ಗಾಯಾಳುವನ್ನು ಯಾವ ಆಸ್ಪತ್ರೆಗೆ ಒಯ್ಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಪ್ರಥಮ ಚಿಕಿತ್ಸೆಯ ಅಗತ್ಯದ ಮೌಲ್ಯಮಾಪನ. ಪೆಟ್ಟಿಗೆ ಕೊಳ್ಳುವುದು ಈ ಕೆಲಸದ ಕೊನೆಯ ಭಾಗದಲ್ಲಿ ಬರುತ್ತದೆ, ಮೊದಲಲ್ಲಲ್ಲ.

ವಿವರಣೆಗೆ ಒಂದು ಮಾದರಿಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಲೋಹದ ಬಿಡಿಭಾಗ ತಯಾರಿಸುವ ಘಟಕ; ಹಗಲು ಪಾಳಿಯಲ್ಲಿ 36 ಜನ, ರಾತ್ರಿ ಪಾಳಿಯಲ್ಲಿ 24 ಜನ; ಪ್ರೆಸ್, ಲೇತ್, ಗ್ರೈಂಡಿಂಗ್, ವೆಲ್ಡಿಂಗ್, ಹಿಂಬದಿಯ ಪ್ರತ್ಯೇಕ ಶೆಡ್ಡಿನಲ್ಲಿ ಆಮ್ಲದಿಂದ ತುಕ್ಕು ತೆಗೆಯುವ ತೊಟ್ಟಿ ಮತ್ತು ಪೇಂಟಿಂಗ್. ನಿಮ್ಮದು ಗಾರ್ಮೆಂಟ್ ಆಗಿರಲಿ, ಅಕ್ಕಿ ಗಿರಣಿಯಾಗಿರಲಿ, ಕ್ರಮ ಇದೇ.

ಶುರುಮಾಡುವ ಮುನ್ನ ಇವನ್ನು ಕೈಗೆ ತೆಗೆದುಕೊಳ್ಳಿ: ಕಳೆದ 3 ವರ್ಷಗಳ ಅಪಘಾತ ಪುಸ್ತಕ, ಪಾಳಿವಾರು ಹಾಜರಿ ಪಟ್ಟಿ, ಕಟ್ಟಡದ ನಕ್ಷೆ (ಕೈಯಲ್ಲಿ ಬರೆದದ್ದಾದರೂ ಸಾಕು), ಬಳಸುವ ಪ್ರತಿಯೊಂದು ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ, ಒಂದು ನೋಟ್‌ಬುಕ್. ಜೊತೆಗೆ ಇಬ್ಬರು ಬೇಕು, ಒಬ್ಬ ಮೇಲ್ವಿಚಾರಕ ಮತ್ತು ಯಂತ್ರದ ಮೇಲೆ ಕೈಯಿಟ್ಟು ದುಡಿಯುವ ಒಬ್ಬ ಅನುಭವಿ ಕಾರ್ಮಿಕ. ಕಾರ್ಮಿಕರನ್ನು ಬಿಟ್ಟು ಕಚೇರಿಯಲ್ಲೇ ಕುಳಿತು ಬರೆದ ಮೌಲ್ಯಮಾಪನಗಳನ್ನು ನಾನು ಬಹಳ ನೋಡಿದ್ದೇನೆ. ಅವುಗಳಲ್ಲಿ ಯಂತ್ರದ ಹೆಸರಿರುತ್ತದೆ, ಕೈ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಇರುವುದಿಲ್ಲ.

1. ಎರಡು ಪದಗಳನ್ನು ಬೇರೆ ಮಾಡಿಕೊಳ್ಳಿ

ಹಾನಿಮೂಲ ಎಂದರೆ ಪೆಟ್ಟು ಕೊಡಬಲ್ಲ ವಸ್ತು, ಯಂತ್ರ ಅಥವಾ ಸನ್ನಿವೇಶ. ಅಪಾಯಮಟ್ಟ ಎಂದರೆ ಆ ಪೆಟ್ಟು ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಎಷ್ಟು ಗಂಭೀರ ಎಂಬ ಎರಡರ ಒಟ್ಟು ಅಂದಾಜು. ಆಮ್ಲದ ಕ್ಯಾನು ಹಾನಿಮೂಲ. ಅದು ಮುಚ್ಚಳ ಬಿಗಿಯಾಗಿ ಉಗ್ರಾಣದಲ್ಲಿದ್ದರೆ ಅಪಾಯಮಟ್ಟ ಕಡಿಮೆ. ಪ್ರತಿದಿನ ಬೆಳಿಗ್ಗೆ ಅದನ್ನು ಬಕೆಟ್ಟಿಗೆ ಬಗ್ಗಿಸಿ, ಬರಿಗಣ್ಣಿನಲ್ಲಿ ತೊಟ್ಟಿಗೆ ಸುರಿಯುತ್ತಿದ್ದರೆ ಬಹಳ ಹೆಚ್ಚು. ಪಟ್ಟಿಯಲ್ಲಿ ಹಾನಿಮೂಲವನ್ನಷ್ಟೇ ಬರೆದು ನಿಲ್ಲಿಸಬೇಡಿ, ಜನ ಅದರೊಡನೆ ಏನು ಮಾಡುತ್ತಾರೆ ಎಂಬುದನ್ನೂ ಬರೆಯಿರಿ.

ಇನ್ನೊಂದು ಮಾತು. ಅಪಾಯವನ್ನೇ ತೆಗೆದುಹಾಕುವುದು ಮೊದಲ ಕೆಲಸ. ಪ್ರೆಸ್ಸಿಗೆ ರಕ್ಷಣಾ ಕವಚ ಹಾಕಿಸದೆ ಬ್ಯಾಂಡೇಜು ಕೊಂಡಿಟ್ಟುಕೊಳ್ಳುವುದು ತಯಾರಿಯಲ್ಲ. ಈ ಮೌಲ್ಯಮಾಪನ ನಡೆಸುವಾಗ ಸರಿಪಡಿಸಬೇಕಾದ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಅವುಗಳಿಗೆ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ತೆರೆಯಿರಿ.

2. ಕಾನೂನಿನ ಕನಿಷ್ಠ ಮಟ್ಟ ತಿಳಿದುಕೊಳ್ಳಿ

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ ಪ್ರಕಾರ ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಅಥವಾ ಕಪಾಟು ಇರಬೇಕಿತ್ತು; ಕೆಲಸದ ಎಲ್ಲ ಹೊತ್ತಿನಲ್ಲೂ ಅದು ಕೈಗೆ ಸಿಗುವಂತಿರಬೇಕಿತ್ತು; ರಾಜ್ಯ ಸರ್ಕಾರ ಮಾನ್ಯ ಮಾಡಿದ ಪ್ರಥಮ ಚಿಕಿತ್ಸಾ ಪ್ರಮಾಣಪತ್ರವುಳ್ಳ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಅದರ ಉಸ್ತುವಾರಿ ಹೊತ್ತು, ಕೆಲಸದ ವೇಳೆಯಲ್ಲಿ ಲಭ್ಯವಿರಬೇಕಿತ್ತು. 500ಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೊಠಡಿ, ಅಂದರೆ ವೈದ್ಯಕೀಯ ಸಿಬ್ಬಂದಿಯ ಉಸ್ತುವಾರಿಯಲ್ಲಿರುವ ಚಿಕಿತ್ಸಾ ಕೊಠಡಿ, ಕಡ್ಡಾಯ. ಬಹಳ ಜನ ಗಮನಿಸದ ಅಂಶವೊಂದು ಇದೇ 45ನೇ ಕಲಮಿನಲ್ಲಿತ್ತು: ನಿಗದಿಪಡಿಸಿದ ವಸ್ತುಗಳ ಹೊರತು ಬೇರೇನನ್ನೂ ಆ ಪೆಟ್ಟಿಗೆಯಲ್ಲಿ ಇಡುವಂತಿರಲಿಲ್ಲ. ನಿಮ್ಮ ಘಟಕಕ್ಕೆ ವಿಶೇಷವಾಗಿ ಬೇಕಾದ ಸಲಕರಣೆಗಳನ್ನು ಹಾಗಾಗಿ ಎರಡನೆಯ ಪೆಟ್ಟಿಗೆಯಲ್ಲಿ ಇಡುವುದೇ ಸುರಕ್ಷಿತ.

2025ರ ನವೆಂಬರ್ 21ರಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದು ಆ ಕಾಯ್ದೆಯ ಜಾಗವನ್ನು ತೆಗೆದುಕೊಂಡಿದೆ. ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಹೊಣೆಯನ್ನೂ 500ರ ಮಿತಿಯನ್ನೂ ಈ ಸಂಹಿತೆ ಉಳಿಸಿಕೊಂಡಿದೆ. ನಿಮ್ಮ ಘಟಕಕ್ಕೆ ಸದ್ಯ ಅನ್ವಯಿಸುವ ನಿಯಮ ಮತ್ತು ವಸ್ತುಗಳ ಪಟ್ಟಿಯನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ನಿಮ್ಮ ವಲಯದ ಕಚೇರಿಯಲ್ಲಿ ಕೇಳಿ, ಮುದ್ರಿತ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ. "ನಮ್ಮಲ್ಲಿ ಎಂಟೇ ಜನ, ನಮಗೆ ಕಾಯ್ದೆ ಅನ್ವಯಿಸುವುದಿಲ್ಲ" ಎನ್ನುವವರಿಗೆ ನನ್ನ ಮಾತು ಇಷ್ಟೆ: ಎಂಟು ಜನರಿರುವ ಶೆಡ್ಡಿನ ಗ್ರೈಂಡಿಂಗ್ ಚಕ್ರ 800 ಜನರಿರುವ ಕಾರ್ಖಾನೆಯ ಚಕ್ರದಷ್ಟೇ ವೇಗದಲ್ಲಿ ತಿರುಗುತ್ತದೆ.

3. ಹಳೆಯ ದಾಖಲೆ ಓದಿ, ಅದರಲ್ಲಿ ಇಲ್ಲದ್ದನ್ನು ಕೇಳಿ

ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿರುವ ಘಟಕಗಳು ಅಪಘಾತ ಪುಸ್ತಕ ಇಡಲೇಬೇಕು. ಅದನ್ನು ತೆರೆದು ದೇಹದ ಯಾವ ಭಾಗಕ್ಕೆ, ಯಾವ ಯಂತ್ರದಲ್ಲಿ, ಎಷ್ಟು ಹೊತ್ತಿಗೆ ಗಾಯವಾಗಿದೆ ಎಂದು ಗುರುತು ಹಾಕಿಕೊಳ್ಳಿ. ಗಾಯಗಳು ಪಾಳಿಯ ಕೊನೆಯ ಗಂಟೆಯಲ್ಲೋ, ಊಟದ ನಂತರವೋ, ತಿಂಗಳ ಕೊನೆಯ ಒತ್ತಡದಲ್ಲೋ ಗುಂಪುಗೂಡಿರುವುದು ಕಾಣಬಹುದು.

ಪುಸ್ತಕ ಖಾಲಿಯಿದೆಯೆಂದರೆ ಅಪಘಾತಗಳೇ ಆಗಿಲ್ಲವೆಂದು ತಿಳಿಯಬೇಡಿ. ಸಣ್ಣ ಗಾಯಗಳನ್ನು ಬರೆಯದಿರುವುದು, ಗುತ್ತಿಗೆ ಕಾರ್ಮಿಕರ ಗಾಯವನ್ನು ಗುತ್ತಿಗೆದಾರನ ಲೆಕ್ಕಕ್ಕೆ ಬಿಡುವುದು ನಮ್ಮಲ್ಲಿ ಹೆಚ್ಚು. ಚಹಾ ವಿರಾಮದಲ್ಲಿ ನಾಲ್ಕು ಜನರ ಪಕ್ಕ ಕುಳಿತು "ಇಲ್ಲಿ ಕೈಗೆ ಏನೇನು ಆಗುತ್ತದೆ?" ಎಂದು ಕೇಳಿ. ಅಂಗೈ ತೋರಿಸುತ್ತಾರೆ, ಲೋಹದ ಚೂರು ಹೊಕ್ಕ ಕಲೆ, ವೆಲ್ಡಿಂಗ್ ಕಿಡಿಯ ಚುಕ್ಕೆಗಳು, ಬಾಗದ ಬೆರಳು ಎಲ್ಲವೂ ಅಲ್ಲಿ ದಾಖಲಾಗಿರುತ್ತವೆ. ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ಕೇಳಿ ಬರೆದುಕೊಳ್ಳಿ.

4. ಎರಡು ಸಲ ಸುತ್ತು ಹಾಕಿ, ಹಗಲಿನಲ್ಲಿ ಒಮ್ಮೆ, ರಾತ್ರಿಯಲ್ಲಿ ಒಮ್ಮೆ

ಇಡೀ ಮೌಲ್ಯಮಾಪನದ ಜೀವಾಳ ಈ ಹಂತದಲ್ಲಿದೆ, ಆದ್ದರಿಂದ ಇದಕ್ಕೆ ಅವಸರ ಬೇಡ. ಪ್ರತಿಯೊಂದು ಕೆಲಸದ ಜಾಗದ ಮುಂದೆ ನಿಂತು, ಕೆಲಸ ನಡೆಯುತ್ತಿರುವಾಗಲೇ ನೋಡಿ, ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇಲ್ಲಿ ಆಗಬಹುದಾದ ಅತಿ ಕೆಟ್ಟ ಗಾಯ ಯಾವುದು? ಆದರೆ ಎಷ್ಟು ನಿಮಿಷದಲ್ಲಿ ಪರಿಸ್ಥಿತಿ ಕೈಮೀರುತ್ತದೆ? ಆ ನಿಮಿಷಗಳಲ್ಲಿ ಏನು ಬೇಕು? ಅದನ್ನು ಮಾಡಬಲ್ಲವರು ಈಗ ಎಲ್ಲಿದ್ದಾರೆ?

ನಮ್ಮ ಮಾದರಿ ಘಟಕದಲ್ಲಿ ಬರೆದರೆ ಹೀಗೆ ಬರುತ್ತದೆ.

ಪವರ್ ಪ್ರೆಸ್: ಬೆರಳು ತುಂಡಾಗುವುದು, ಕೈ ಜಜ್ಜಿಹೋಗುವುದು. ಗಾಯದ ಮೇಲೆ ನೇರವಾಗಿ ಒತ್ತಿ ರಕ್ತ ನಿಲ್ಲಿಸಬೇಕು, ಅದಕ್ಕೆ ದೊಡ್ಡ ಅಳತೆಯ ಶುದ್ಧ ಪಟ್ಟಿಗಳು ಬೇಕು. ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ತೇವ ಮಾಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿರುವ ಇನ್ನೊಂದು ಡಬ್ಬಿಯಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳುಹಿಸಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಿದರೆ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ, ಮರಳಿ ಜೋಡಿಸಲು ಬರುವುದಿಲ್ಲ. ಇಲ್ಲಿಯೇ ಮೌಲ್ಯಮಾಪನದ ಪ್ರಶ್ನೆ ಹುಟ್ಟುತ್ತದೆ: ರಾತ್ರಿ 2 ಗಂಟೆಗೆ ಮಂಜುಗಡ್ಡೆ ಎಲ್ಲಿಂದ ಬರುತ್ತದೆ? ಹಣ್ಣಿನ ರಸದ ಅಂಗಡಿ ಮುಚ್ಚಿರುತ್ತದೆ. ಕ್ಯಾಂಟೀನಿನಲ್ಲಿ ಫ್ರಿಜ್ ಇದ್ದರೆ ಅದರ ಬೀಗದ ಕೈ ಯಾರ ಬಳಿ ಇರುತ್ತದೆ? ಈ ಉತ್ತರವನ್ನು ಸುತ್ತು ಹಾಕುವಾಗಲೇ ಬರೆದುಕೊಳ್ಳಬೇಕು.

ಗ್ರೈಂಡಿಂಗ್ ಮತ್ತು ವೆಲ್ಡಿಂಗ್: ಕಣ್ಣಿಗೆ ಲೋಹದ ಚೂರು, ಕಿಡಿಯ ಸುಟ್ಟಗಾಯ, ವೆಲ್ಡಿಂಗ್ ಬೆಳಕಿನಿಂದ ಕಣ್ಣಿಗೆ ಮರಳು ಹೊಯ್ದಂಥ ಉರಿ. ಕಣ್ಣಿನೊಳಗೆ ನೆಟ್ಟ ಚೂರನ್ನು ಯಾರೂ ಕೀಳಬಾರದು. ಒತ್ತಡ ಬೀಳದಂತೆ ಮುಚ್ಚಿ ಕಣ್ಣಾಸ್ಪತ್ರೆಗೆ ಕಳುಹಿಸಬೇಕು. ಬೆಂಕಿಕಡ್ಡಿಯ ತುದಿಯಿಂದಲೋ ಕರವಸ್ತ್ರದ ಮೂಲೆಯಿಂದಲೋ ಚೂರು ತೆಗೆಯುವ "ಪರಿಣತರು" ಪ್ರತಿ ಶೆಡ್ಡಿನಲ್ಲೂ ಒಬ್ಬರಿರುತ್ತಾರೆ, ಅವರನ್ನು ಗುರುತಿಸಿ ಮೊದಲು ಅವರಿಗೇ ತರಬೇತಿ ಕೊಡಿಸಿ. ಸುಟ್ಟಗಾಯಕ್ಕೆ ಕೂಡಲೇ 20 ನಿಮಿಷ ತಣ್ಣನೆಯ ಹರಿಯುವ ನೀರು. ಟೂತ್‌ಪೇಸ್ಟ್, ಕಾಫಿಪುಡಿ, ಅರಿಶಿನ, ಶಾಯಿ ಯಾವುದನ್ನೂ ಹಚ್ಚಬಾರದು. ಹಾಗಾದರೆ ನಲ್ಲಿ ಎಷ್ಟು ದೂರವಿದೆ, ಬೇಸಗೆಯಲ್ಲಿ ಟ್ಯಾಂಕಿನಲ್ಲಿ ನೀರಿರುತ್ತದೆಯೇ ಎಂದು ನೋಡಿ.

ಆಮ್ಲದ ತೊಟ್ಟಿ: ಪ್ರತಿ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರದಲ್ಲಿ 16 ಭಾಗಗಳಿರುತ್ತವೆ, ನಾಲ್ಕನೆಯ ಭಾಗ ಪ್ರಥಮ ಚಿಕಿತ್ಸೆಯದ್ದು. ಪೂರೈಕೆದಾರರಿಂದ ಈ ಪತ್ರವನ್ನು ಕೇಳಿ ಪಡೆಯಿರಿ, ಕೊಡದವರಿಂದ ಸಾಮಾನು ಕೊಳ್ಳಬೇಡಿ. ಆಮ್ಲ ಅಥವಾ ಕ್ಷಾರ ಕಣ್ಣಿಗೆ ಹಾರಿದರೆ ಕನಿಷ್ಠ 15ರಿಂದ 20 ನಿಮಿಷ ಎಡೆಬಿಡದೆ ತೊಳೆಯಬೇಕು, ಕಾಸ್ಟಿಕ್ ಸೋಡಾದಂಥ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುವುದರಿಂದ ಇನ್ನೂ ಹೆಚ್ಚು ಹೊತ್ತು. ಕಣ್ಣು ತೆರೆಯಲಾಗದ ಮನುಷ್ಯ ಹತ್ತು ಹೆಜ್ಜೆಯಲ್ಲಿ ನೀರು ಮುಟ್ಟುವಂತಿರಬೇಕು. ಸ್ಟೇನ್‌ಲೆಸ್ ಸ್ಟೀಲ್ ಹೊಳಪಿಸಲು ಹೈಡ್ರೋಫ್ಲೋರಿಕ್ ಆಮ್ಲ ಬಳಸುವವರು ಈ ಸಾಲನ್ನು ಎರಡು ಸಲ ಓದಬೇಕು: ಅದು ಚರ್ಮದ ಮೂಲಕ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ನೋವು ತಡವಾಗಿ ಕಾಣಿಸಿಕೊಳ್ಳಬಹುದು, ಸಣ್ಣ ಗಾಯವೂ ಪ್ರಾಣಕ್ಕೆ ಎರವಾಗಬಲ್ಲದು. ಅಂಥಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ತೊಟ್ಟಿಯ ಬಳಿಯೇ ಇರಬೇಕು, ಬಳಸಲು ಕಲಿತವರೂ ಇರಬೇಕು. ಸಯನೈಡ್ ಬಳಸುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಹತ್ತಿರದ ದೊಡ್ಡ ಆಸ್ಪತ್ರೆಯೊಂದಿಗೆ ಮುಂಚಿತವಾಗಿ ಮಾತನಾಡಿ ಅಲ್ಲಿ ಪ್ರತಿವಿಷ ಲಭ್ಯವಿದೆಯೇ ಎಂದು ಲಿಖಿತವಾಗಿ ತಿಳಿದುಕೊಳ್ಳಬೇಕು. ಅಂಥ ರೋಗಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು.

ವಿದ್ಯುತ್: ಮೊದಲು ಮುಖ್ಯ ಸ್ವಿಚ್, ಆಮೇಲೆ ಮನುಷ್ಯ. ಸ್ವಿಚ್ ಬೋರ್ಡಿನ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದಾರೆಯೇ ನೋಡಿ. ಹೃದಯ ನಿಂತರೆ ಮಿದುಳಿಗೆ ಉಳಿದಿರುವುದು ಸುಮಾರು 4 ನಿಮಿಷ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬಲ್ಲವರು ಅಷ್ಟರೊಳಗೆ ತಲುಪಬೇಕು. ಯಾವ ಆಂಬ್ಯುಲೆನ್ಸೂ ಅಷ್ಟು ಬೇಗ ಬರುವುದಿಲ್ಲ.

ತೊಟ್ಟಿ, ಸಂಪು, ಕೊಳಚೆ ನೀರಿನ ಗುಂಡಿ: ಇದನ್ನು ಪ್ರತ್ಯೇಕವಾಗಿ ಒತ್ತಿ ಹೇಳುತ್ತೇನೆ. ಇಂಥ ಮುಚ್ಚಿದ ಜಾಗಗಳಲ್ಲಿ ಆಮ್ಲಜನಕ ಇಲ್ಲದಿರಬಹುದು, ವಿಷಾನಿಲ ತುಂಬಿರಬಹುದು. ಒಬ್ಬ ಬಿದ್ದಾಗ ಎತ್ತಲು ಇಳಿದವನೂ, ಅವನನ್ನು ಎತ್ತಲು ಇಳಿದ ಮೂರನೆಯವನೂ ಸತ್ತ ಸುದ್ದಿಯನ್ನು ನಾವು ಪ್ರತಿವರ್ಷ ಓದುತ್ತೇವೆ. ಇಲ್ಲಿ ಪ್ರಥಮ ಚಿಕಿತ್ಸೆಯ ಮೊದಲ ಪಾಠವೇ ಒಳಗೆ ಇಳಿಯದಿರುವುದು. ಚರಂಡಿ ಮತ್ತು ಶೌಚಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಸಾಧ್ಯತೆಗೂ ಗಂಭೀರತೆಗೂ ಅಂಕ ಕೊಟ್ಟು ಗುಣಿಸುವ ಪದ್ಧತಿ ಅನುಸರಿಸುವವರು ಇದನ್ನು ನೆನಪಿಡಿ: ವರ್ಷಕ್ಕೊಮ್ಮೆ ಮಾತ್ರ ಸಂಪು ತೊಳೆಸುವುದರಿಂದ ಅದರ ಸಾಧ್ಯತೆಯ ಅಂಕ ಕಡಿಮೆ ಬರುತ್ತದೆ, ಆದರೆ ಜೀವ ಹೋಗುವುದು ಅಲ್ಲೇ. ಸಾವಿಗೆ ಕಾರಣವಾಗಬಲ್ಲದ್ದು ಯಾವುದೇ ಇರಲಿ, ಅಂಕ ನೋಡದೆ ಪಟ್ಟಿಯ ಮೇಲ್ಭಾಗದಲ್ಲಿ ಬರೆಯಿರಿ.

ನಿಮ್ಮ ಉದ್ದಿಮೆ ಬೇರೆಯಾದರೆ ಪಟ್ಟಿಯೂ ಬೇರೆ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕುದಿನೀರಿನ ಬೋಗುಣಿಯೇ ಮುಖ್ಯ ಅಪಾಯ. ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ ಕರಗಿದ ಲೋಹ ಮತ್ತು ಬಿಸಿಲಾಘಾತ. ದಕ್ಷಿಣ ಕನ್ನಡದ ಗೇರುಬೀಜ ಕಾರ್ಖಾನೆಗಳಲ್ಲಿ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಗಾರ್ಮೆಂಟ್‌ಗಳಲ್ಲಿ ಬೆರಳಿಗೆ ಹೊಕ್ಕ ಸೂಜಿ, ಇಸ್ತ್ರಿಯ ಹಬೆ, ಬೆಳಗಿನ ತಿಂಡಿ ತಿನ್ನದೆ ಬಂದು ತಲೆಸುತ್ತಿ ಬೀಳುವುದು. ತೋಟ, ಉಗ್ರಾಣ, ಕಟ್ಟಡ ಕಾಮಗಾರಿಯಿದ್ದಲ್ಲಿ ಹಾವು ಕಡಿತವನ್ನೂ ಸೇರಿಸಿ. ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದನ್ನೂ ಮಾಡದೆ ಕೈಕಾಲು ಅಲ್ಲಾಡಿಸದಂತೆ ಇರಿಸಿ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು.

5. ಯಂತ್ರದಷ್ಟೇ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಯಾರಿಗೆ ಸಕ್ಕರೆ ಕಾಯಿಲೆ, ಹೃದ್ರೋಗ, ಅಸ್ತಮಾ, ಮೂರ್ಛೆರೋಗ ಇದೆ ಎಂಬುದನ್ನು ಅವರು ಸ್ವಇಚ್ಛೆಯಿಂದ ಹೇಳಿದರೆ ಮಾತ್ರ, ಗುಟ್ಟಾಗಿ ದಾಖಲಿಸಿ. ಈ ಮಾಹಿತಿ ಕೆಲಸದಿಂದ ತೆಗೆಯಲು ನೆಪವಾದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಎರಡೂ ತಪ್ಪು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಮಲಗಿಸಬೇಕು.

ಮಹಿಳೆಯರು ದುಡಿಯುವ ಕಡೆ ಮಹಿಳಾ ಪ್ರಥಮ ಚಿಕಿತ್ಸಕರು ಇರಲೇಬೇಕು. ಗರ್ಭಿಣಿಗೆ ರಕ್ತಸ್ರಾವ ಶುರುವಾದಾಗ ಪುರುಷ ಮೇಲ್ವಿಚಾರಕನ ಮುಂದೆ ಹೇಳಿಕೊಳ್ಳಲಾಗದೆ ಶೌಚಾಲಯದಲ್ಲೇ ಕುಳಿತ ಹೆಣ್ಣುಮಗಳು ಕಳೆದುಕೊಳ್ಳುವ ಒಂದೊಂದು ನಿಮಿಷಕ್ಕೂ ಈ ಕೊರತೆಯೇ ಕಾರಣ. ಒಡಿಶಾ, ಬಿಹಾರ, ಅಸ್ಸಾಂನಿಂದ ಬಂದವರಿದ್ದರೆ ಅವರ ಭಾಷೆಯಲ್ಲಿ ಮಾತನಾಡಬಲ್ಲ ಒಬ್ಬರಾದರೂ ತಂಡದಲ್ಲಿರಲಿ. ಸೂಚನಾ ಫಲಕದಲ್ಲಿ ಚಿತ್ರಗಳಿರಲಿ. ಹೊಸಬರು, ತರಬೇತಿಯಲ್ಲಿರುವ ಹುಡುಗರು, ಒಬ್ಬಂಟಿಯಾಗಿ ದುಡಿಯುವ ಕಾವಲುಗಾರ ಮತ್ತು ಜನರೇಟರ್ ನೋಡಿಕೊಳ್ಳುವವನು, ಲಾರಿಯಿಂದ ಸಾಮಾನು ಇಳಿಸುವ ಹಮಾಲರು ಹಾಜರಿ ಪಟ್ಟಿಯಲ್ಲಿ ಇಲ್ಲದಿರಬಹುದು. ನಿಮ್ಮ ಗೇಟಿನೊಳಗೆ ಇದ್ದಾರೆಂದರೆ ನಿಮ್ಮ ಲೆಕ್ಕದಲ್ಲಿದ್ದಾರೆ.

6. ಆಸ್ಪತ್ರೆಯ ದೂರವನ್ನು ನಿಮಿಷದಲ್ಲಿ ಅಳೆಯಿರಿ

ಕಿಲೋಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಸಂಜೆ 6 ಗಂಟೆಯ ತುಮಕೂರು ರಸ್ತೆಯಲ್ಲಿ 4 ಕಿ.ಮೀ. ದಾಟಲು ಎಷ್ಟು ಹೊತ್ತಾಗುತ್ತದೆ ಎಂದು ಅಲ್ಲಿನವರಿಗೆ ಗೊತ್ತು. ವಾಹನದಲ್ಲಿ ಒಮ್ಮೆ ಸಂಜೆ, ಒಮ್ಮೆ ರಾತ್ರಿ ಹೋಗಿ ಬಂದು ಸಮಯ ಬರೆದಿಡಿ.

ಮುಂದಿನದು ಆಸ್ಪತ್ರೆಯ ಆಯ್ಕೆ. ಹತ್ತಿರದ ನರ್ಸಿಂಗ್ ಹೋಂನಲ್ಲಿ ರಾತ್ರಿ ವೈದ್ಯರಿದ್ದಾರೆಯೇ, ಶಸ್ತ್ರಚಿಕಿತ್ಸೆಯ ಸೌಲಭ್ಯವಿದೆಯೇ ಎಂದು ಹೋಗಿ ಕೇಳಿ. ಬೆಂಗಳೂರಿನಲ್ಲಾದರೆ ಪೀಣ್ಯ ಮತ್ತು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳು, ಸುಟ್ಟಗಾಯಕ್ಕೆ ವಿಕ್ಟೋರಿಯಾ, ಕಣ್ಣಿಗೆ ಮಿಂಟೋ, ತಲೆಯ ಪೆಟ್ಟಿಗೆ ನಿಮ್ಹಾನ್ಸ್, ಹೃದಯಕ್ಕೆ ಜಯದೇವ ಎಂಬ ಪಟ್ಟಿ ಗೋಡೆಯ ಮೇಲಿರಬೇಕು. ಮಂಗಳೂರಿನವರು ವೆನ್ಲಾಕ್, ಹುಬ್ಬಳ್ಳಿಯವರು ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಎಂದು ತಮ್ಮ ಪಟ್ಟಿ ಮಾಡಿಕೊಳ್ಳಲಿ. ಉಸಿರು ಅಥವಾ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಮಾತ್ರ ತಜ್ಞ ಆಸ್ಪತ್ರೆಯ ಯೋಚನೆ ಬಿಟ್ಟು ತೀರ ಹತ್ತಿರದ ತುರ್ತು ವಿಭಾಗಕ್ಕೆ ಹೋಗಬೇಕು. ಇಎಸ್‌ಐ ಕಾರ್ಡ್ ಹುಡುಕುತ್ತ ಸಮಯ ಕಳೆಯಬೇಡಿ. ಎಲ್ಲರ ವಿಮಾ ಸಂಖ್ಯೆಯ ಪಟ್ಟಿ ಗೇಟಿನಲ್ಲಿದ್ದರೆ ಆಮೇಲೆ ಫೋನಿನಲ್ಲೇ ತಿಳಿಸಬಹುದು. "ಪೊಲೀಸ್ ಕೇಸು" ಎಂದು ಯಾರಾದರೂ ಸೇರಿಸಿಕೊಳ್ಳಲು ಹಿಂಜರಿದರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ತುರ್ತು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಹೊಣೆಯೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ ಎಂಬುದು ನಿಮಗೆ ತಿಳಿದಿರಲಿ.

108 ಅಥವಾ 112ಕ್ಕೆ ಕರೆ ಮಾಡುವವರು ವಿಳಾಸ ಹೇಳಲಾಗದೆ ತಡವರಿಸುತ್ತಾರೆ. ಹಂತ, ಅಡ್ಡರಸ್ತೆ, ಎಲ್ಲರಿಗೂ ಗೊತ್ತಿರುವ ಗುರುತು ಸೇರಿಸಿ ಓದಿ ಹೇಳುವಂತೆ ಬರೆದ ಹಾಳೆಯನ್ನು ಪ್ರತಿ ಫೋನಿನ ಬಳಿ ಅಂಟಿಸಿ. ಆಂಬ್ಯುಲೆನ್ಸನ್ನು ಎದುರುಗೊಳ್ಳಲು ರಸ್ತೆಯ ತಿರುವಿನಲ್ಲಿ ನಿಲ್ಲುವವರು ಯಾರೆಂದೂ ಹೆಸರು ಹಾಕಿ.

7. ಪ್ರಥಮ ಚಿಕಿತ್ಸಕರ ಸಂಖ್ಯೆಯನ್ನು ರಜೆಯಿಂದ ಲೆಕ್ಕ ಹಾಕಿ

ಒಂದು ಪಾಳಿಗೆ ಒಬ್ಬ ತರಬೇತಾದವನಿದ್ದರೆ ಸಾಕೆನ್ನಿಸಬಹುದು. ಅವನಿಗೆ ವಾರದ ರಜೆಯಿದೆ, ಹಬ್ಬವಿದೆ, ಊಟಕ್ಕೆ ಹೊರಗೆ ಹೋಗುವುದಿದೆ, ಗಾಯಗೊಳ್ಳುವವನು ಅವನೇ ಆಗಬಹುದು. ಆದ್ದರಿಂದ ಪ್ರತಿ ಪಾಳಿಗೆ ಕನಿಷ್ಠ ಇಬ್ಬರು, ಒಟ್ಟಿಗೆ ರಜೆ ತೆಗೆದುಕೊಳ್ಳದವರು. ಬೇರೆ ಕಟ್ಟಡ, ಬೇರೆ ಮಹಡಿ ಇದ್ದರೆ ಅಲ್ಲಿಗೆ ಇನ್ನೊಬ್ಬರು. ನಮ್ಮ ಮಾದರಿ ಘಟಕದಲ್ಲಿ ಆಮ್ಲದ ಶೆಡ್ಡು ಹಗಲಿನಲ್ಲಿ ಮಾತ್ರ ನಡೆಯುತ್ತದೆ ಎಂದುಕೊಂಡರೆ ಹಗಲಿಗೆ 3, ರಾತ್ರಿಗೆ 2, ಒಟ್ಟು 5 ಜನ. ಕಾನೂನು ಕೇಳುವುದಕ್ಕಿಂತ ಇದು ಹೆಚ್ಚು, ನಿಜ. ಆದರೆ ಬೇಕಾಗಿರುವುದು ಇಷ್ಟು.

ಆಯ್ಕೆಯಲ್ಲಿ ಕಚೇರಿಯವರನ್ನೇ ತುಂಬಿಸಬೇಡಿ, ಅವರು ಸಂಜೆ ಮನೆಗೆ ಹೋಗುತ್ತಾರೆ. ಕೈಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡಲು ಅನುಮತಿಯಿರುವ, ರಕ್ತ ಕಂಡರೆ ಧೃತಿಗೆಡದ, ಜೊತೆಯವರು ನಂಬುವ ಜನ ಬೇಕು. ಭಾರತೀಯ ರೆಡ್ ಕ್ರಾಸ್ ಸೊಸೈಟಿ ಮತ್ತು ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ತರಬೇತಿ ನೀಡಿ ಪ್ರಮಾಣಪತ್ರ ಕೊಡುತ್ತವೆ. ಬೊಂಬೆಯ ಮೇಲೆ ಎದೆಯೊತ್ತುವ ಅಭ್ಯಾಸವಿಲ್ಲದ, ಬರೀ ಪರದೆ ತೋರಿಸಿ ಮುಗಿಸುವ ತರಬೇತಿಗೆ ಹಣ ಕೊಡಬೇಡಿ. ಪ್ರಮಾಣಪತ್ರದ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

8. ಈಗ ಪೆಟ್ಟಿಗೆ

ಕೆಲವು ವರ್ಷಗಳ ಹಿಂದೆ ಒಂದು ಘಟಕದಲ್ಲಿ ನನಗೆ ಪೆಟ್ಟಿಗೆ ತೋರಿಸಲು ಕರೆದೊಯ್ದರು. ಬೀಗ ಹಾಕಿತ್ತು. ಬೀಗದ ಕೈ ಇದ್ದವರು ಸಂಜೆ ಐದೂವರೆಗೆ ಮನೆಗೆ ಹೋಗಿದ್ದರು. ಮರುದಿನ ತೆರೆದಾಗ ಹಳದಿ ತಿರುಗಿದ ಹತ್ತಿ, ಎರಡು ವರ್ಷದ ಹಿಂದೆ ಅವಧಿ ಮುಗಿದ ಮುಲಾಮು, ಪ್ಯಾಕಿಂಗ್ ಟೇಪಿನ ಅಂಟು ಮೆತ್ತಿದ ಕತ್ತರಿ, ಯಾರದ್ದೋ ಮೋಟಾರ್ ಸೈಕಲ್ಲಿನ ದಾಖಲೆಪತ್ರ ಸಿಕ್ಕವು. ಔಷಧ ಕಳುವಾಗುತ್ತದೆ ಎಂಬ ಭಯಕ್ಕೆ ಹಾಕಿದ ಬೀಗವದು. ಕಳುವಾಗುವ ಬ್ಯಾಂಡೇಜಿನ ಬೆಲೆ ನಷ್ಟವಲ್ಲ, ಖರ್ಚೆಂದು ಬರೆಯಿರಿ. ಸುಲಭವಾಗಿ ಹರಿಯುವ ಕಾಗದದ ಸೀಲು ಹಾಕಿದರೆ ತೆರೆದದ್ದು ಗೊತ್ತಾಗುತ್ತದೆ, ತೆರೆಯಲು ಅಡ್ಡಿಯಾಗುವುದಿಲ್ಲ.

ನಿಯಮದ ಪಟ್ಟಿಯಂತೆ ಒಂದು ಪೆಟ್ಟಿಗೆಯನ್ನು ಹೊಂದಿಸಿ. ಎರಡನೆಯದನ್ನು ನಾಲ್ಕನೆಯ ಹಂತದ ನೋಟ್‌ಬುಕ್ ನೋಡಿ ತುಂಬಿಸಿ. ನಮ್ಮ ಮಾದರಿ ಘಟಕಕ್ಕೆ ಹೆಚ್ಚುವರಿ ದೊಡ್ಡ ಒತ್ತುಪಟ್ಟಿಗಳು, ತುಂಡಾದ ಅಂಗ ಒಯ್ಯಲು ಶುದ್ಧ ಪ್ಲಾಸ್ಟಿಕ್ ಚೀಲ ಮತ್ತು ಮುಚ್ಚಳದ ಡಬ್ಬಿ, ಬಟ್ಟೆ ಕತ್ತರಿಸುವ ಮೊಂಡುತುದಿಯ ಕತ್ತರಿ, ಕೈಗವಸುಗಳು, ಕಣ್ಣು ತೊಳೆಯುವ ಸೌಲಭ್ಯ, ಸ್ಟ್ರೆಚರ್ ಬೇಕು. ಒತ್ತಿದರೂ ನಿಲ್ಲದ ಕೈಕಾಲಿನ ರಕ್ತಸ್ರಾವಕ್ಕೆ ಟೂರ್ನಿಕೆಟ್, ಅಂದರೆ ರಕ್ತನಾಳವನ್ನು ಬಿಗಿಹಿಡಿಯುವ ತಿರುಪಿನ ಪಟ್ಟಿ, ತರಬೇತಾದವರಿದ್ದರೆ ಇರಲಿ. ಬಿಗಿದ ಸಮಯವನ್ನು ಅದರ ಮೇಲೆಯೇ ಬರೆಯಬೇಕು. ತಲೆನೋವು, ಹೊಟ್ಟೆನೋವಿನ ಮಾತ್ರೆಗಳನ್ನು ಕೇಳಿದವರಿಗೆಲ್ಲ ಹಂಚುವ ಅಂಗಡಿಯಾಗಿ ಪೆಟ್ಟಿಗೆಯನ್ನು ಬಳಸಬೇಡಿ. ಒಬ್ಬರಿಗೆ ಒಗ್ಗುವ ಮಾತ್ರೆ ಇನ್ನೊಬ್ಬರಿಗೆ ಅಲರ್ಜಿಯಾಗಬಹುದು.

ಪ್ರೆಸ್ ವಿಭಾಗದ ಗೋಡೆಗೆ ಒಂದು, ಆಮ್ಲದ ಶೆಡ್ಡಿನ ಬಾಗಿಲ ಹೊರಗೆ ಒಂದು ಇಡಿ. ಶೆಡ್ಡಿನ ಒಳಗೆ ಇಟ್ಟರೆ ಹಬೆ ತುಂಬಿದಾಗ ಅದನ್ನು ತರಲು ಹೋಗುವವರೇ ಅಪಾಯಕ್ಕೆ ಸಿಲುಕುತ್ತಾರೆ.

9. ಬರೆದಿಡಿ, ತಾಲೀಮು ಮಾಡಿ

ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಿ: ಅಪಾಯ, ಬೇಕಾದ ಸಲಕರಣೆ, ಹೊಣೆಗಾರರ ಹೆಸರು, ಆಸ್ಪತ್ರೆ, ದಿನಾಂಕ, ಸಹಿ. ಗಾಯವಾದಾಗ ಸಣ್ಣದಿರಲಿ ದೊಡ್ಡದಿರಲಿ ಅಂದೇ ಅಪಘಾತ ಪುಸ್ತಕದಲ್ಲಿ ಬರೆಯಿರಿ. ಗಾಯಾಳು 48 ಗಂಟೆ ಅಥವಾ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ಸೂಚನೆ ಕೊಡಬೇಕಾಗುತ್ತದೆ ಎಂದು 2020ರ ಸಂಹಿತೆಯ 10ನೇ ಕಲಂ ಹೇಳುತ್ತದೆ. ದಾಖಲೆ ಇಲ್ಲದೆ ಹೋದರೆ ಮುಂದೆ ಪರಿಹಾರ ಕೇಳುವಾಗ ಕಷ್ಟಪಡುವುದು ಆ ಕಾರ್ಮಿಕನ ಕುಟುಂಬ.

ಆರು ತಿಂಗಳಿಗೊಮ್ಮೆ, ಮುಂಚಿತವಾಗಿ ಹೇಳದೆ, ತಾಲೀಮು ನಡೆಸಿ. ಒಬ್ಬರನ್ನು ಪ್ರೆಸ್ಸಿನ ಪಕ್ಕ ಮಲಗಿಸಿ ಗಡಿಯಾರ ನೋಡಿ: ಯಂತ್ರ ನಿಲ್ಲಿಸಲು ಎಷ್ಟು ಸೆಕೆಂಡು, ಪ್ರಥಮ ಚಿಕಿತ್ಸಕ ತಲುಪಲು ಎಷ್ಟು, ಸ್ಟ್ರೆಚರ್ ಬಾಗಿಲಲ್ಲಿ ತಿರುಗುತ್ತದೆಯೇ, ವಾಹನ ಗೇಟಿಗೆ ಬರಲು ಎಷ್ಟು. ಎರಡು ತಾಲೀಮುಗಳಲ್ಲಿ ಒಂದಾದರೂ ರಾತ್ರಿ ಪಾಳಿಯಲ್ಲಿ ನಡೆಯಲಿ.

10. ಯಾವಾಗ ಮತ್ತೆ ಮಾಡಬೇಕು

ವರ್ಷಕ್ಕೊಮ್ಮೆ ಕಡ್ಡಾಯವಾಗಿ, ಅದಲ್ಲದೆ ಹೊಸ ಯಂತ್ರ ಅಥವಾ ರಾಸಾಯನಿಕ ಬಂದಾಗ, ಪಾಳಿ ಹೆಚ್ಚಿದಾಗ, ಜಾಗ ಬದಲಾದಾಗ, ತರಬೇತಾದವರು ಕೆಲಸ ಬಿಟ್ಟಾಗ, ಪ್ರತಿ ಗಂಭೀರ ಗಾಯದ ನಂತರ. ಪೆಟ್ಟಿಗೆಯ ವಸ್ತುಗಳನ್ನು ತಿಂಗಳಿಗೊಮ್ಮೆ ಎಣಿಸಿ, ಎಣಿಸಿದವರು ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ದಿನಾಂಕ ಹಾಕಿ ಸಹಿ ಮಾಡಲಿ. ಬಳಸಿದ ವಸ್ತುವನ್ನು ಅದೇ ದಿನ ತುಂಬಿಸಿ. ಹೊಸ ಪ್ರೆಸ್ ಇಳಿಸುವ ಲಾರಿ ಗೇಟಿಗೆ ಬರುವ ಮುನ್ನವೇ, ಅದು ಕೂರುವ ಜಾಗದಲ್ಲಿ ಆ ಅನುಭವಿ ಕಾರ್ಮಿಕನ ಜೊತೆ ನಿಂತು ನಾಲ್ಕನೆಯ ಹಂತದ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಬಿಡಿ.